ಮಾರ್ಪಡಿಸಿದ ಹಳೆಯ ಸೇನಾ ಬಂದೂಕುಗಳು

ಸೇನೆಗೆಂದು ತಯಾರಾಗಿ, ಮುಂದೆ ಬೇರೊಂದು ಕೆಲಸಕ್ಕಾಗಿ ನಳಿಗೆ ಕೊರೆಸಿಕೊಂಡ, ಮರ ಕತ್ತರಿಸಿಕೊಂಡ ಇಲ್ಲವೇ ಮ್ಯಾಗಜೀನು ಮುಚ್ಚಿಸಿಕೊಂಡ ಬಂದೂಕುಗಳು ಈ ವರ್ಗಕ್ಕೆ ಸೇರುತ್ತವೆ. ಕರ್ನಾಟಕದ ಮಟ್ಟಿಗೆ ಇವುಗಳಲ್ಲಿ ಹೆಚ್ಚಿನವು ಒಂದೇ ಮನೆತನದವು: ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಎನಿಸಿಕೊಂಡ .303 ಲೀ-ಎನ್‌ಫೀಲ್ಡ್ ರೈಫಲ್ ಮತ್ತು ಅದರಿಂದ ಹುಟ್ಟಿದ ನಾನಾ ರೂಪಗಳು. ಸಂಗ್ರಹಕಾರರಲ್ಲಿ ಮಾರ್ಪಾಡಾದ ಬಂದೂಕನ್ನು ‘ಕೆಟ್ಟುಹೋದ ಮಾಲು’ ಎಂದು ತಳ್ಳುವ ರೂಢಿ ಹಳೆಯದು. ಭಾರತದ ಬಂದೂಕುಗಳಿಗೆ ಈ ಅಳತೆ ಹೊಂದುವುದಿಲ್ಲ. ಇಲ್ಲಿ ಬಹುಪಾಲು ಮಾರ್ಪಾಡು ನಡೆದದ್ದು ಸರ್ಕಾರದ ಕಾರ್ಖಾನೆಯಲ್ಲಿ, ಸರ್ಕಾರದ ಆದೇಶದಂತೆ. ಯಾರ ಕೈಯಲ್ಲಿ ಎಷ್ಟು ಬಲದ ಆಯುಧ ಇರಬೇಕು ಎಂಬ ತೀರ್ಮಾನ ಆ ಕೊರೆತ, ಕತ್ತರಿ, ಮುದ್ರೆಗಳಲ್ಲಿ ಉಳಿದುಕೊಂಡಿದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬಂದೂಕಿನ ನಂಟು ಹೊಸದಲ್ಲ. 1749ರಲ್ಲಿ ದೇವನಹಳ್ಳಿ ಕೋಟೆಗೆ ಮೈಸೂರು ಸೇನೆ ಹಾಕಿದ ಮುತ್ತಿಗೆಯಲ್ಲೇ ಹೈದರಾಲಿ ಮೊದಲು ಹೆಸರು ಮಾಡಿದ. ಟಿಪ್ಪು ಹುಟ್ಟಿದ್ದೂ ಅದೇ ಊರಿನಲ್ಲಿ. 1768ರ ಆಗಸ್ಟಿನಲ್ಲಿ ಹೊಸಕೋಟೆಯ ಬಳಿ ಬ್ರಿಟಿಷರ ಜೊತೆಗಿದ್ದ ಮೊರಾರಿರಾಯನ ಪಾಳೆಯದ ಮೇಲೆ ಹೈದರನ ಪಡೆ ರಾತ್ರಿ ಎರಗಿತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ದೇವನಹಳ್ಳಿಯನ್ನು ಹಿಡಿಯಿತು. ಆ ಕಾಲದ ಚಕಮಕಿ ಕಲ್ಲಿನ ಬಂದೂಕುಗಳು, ಅದರಲ್ಲೂ ಹುಲಿಪಟ್ಟೆಯ ಗುರುತುಳ್ಳ ಟಿಪ್ಪುವಿನ ಕಾಲದವು, ಈಗ ವಸ್ತುಸಂಗ್ರಹಾಲಯಗಳಲ್ಲೂ ದೊಡ್ಡ ಹರಾಜುಗಳಲ್ಲೂ ಕಾಣಸಿಗುವ ವಸ್ತುಗಳು. ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯ ಹಳ್ಳಿಯವರು ಕಣ್ಣಾರೆ ಕಂಡ ಬಂದೂಕುಗಳು ಬೇರೆ. ಕಾಡುಹಂದಿಯಿಂದ ಬೆಳೆ ಕಾಯಲು ಪರವಾನಗಿ ಪಡೆದ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳು, ಮದ್ದು ಗಿಡಿದು ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಕೋವಿಗಳು ಒಂದು ಕಡೆ. ಪೊಲೀಸರ ಹೆಗಲ ಮೇಲಿನ .303, ಎನ್‌ಸಿಸಿ ಕೆಡೆಟ್‌ಗಳು ಕವಾಯತಿನಲ್ಲಿ ಹೊತ್ತ ಹಾರದ ಬಂದೂಕು ಇನ್ನೊಂದು ಕಡೆ. ಪರವಾನಗಿ ಪುಸ್ತಕದಲ್ಲಿ ಮೊದಲ ಬಗೆಯವಕ್ಕೆ ಎಸ್‌ಬಿಎಂಎಲ್ (ಒಂಟಿನಳಿಗೆ, ಬಾಯಿಂದ ಮದ್ದು ತುಂಬುವುದು), ಎಸ್‌ಬಿಬಿಎಲ್ (ಒಂಟಿನಳಿಗೆ ತೋಟಾಕೋವಿ), ಡಿಬಿಬಿಎಲ್ (ಜೋಡಿನಳಿಗೆ ತೋಟಾಕೋವಿ) ಎಂಬ ಅಕ್ಷರಗಳಿರುತ್ತವೆ. ಹಳೆಯ ಬಂದೂಕಿನ ಗುರುತು ಹಿಡಿಯುವ ಕೆಲಸ ಎಷ್ಟೋ ಸಲ ಈ ಅಕ್ಷರಗಳಿಂದಲೇ ಶುರುವಾಗುತ್ತದೆ.

ಮಾರ್ಪಾಡಿನ ಹಿನ್ನೆಲೆ

ನಳಿಗೆಯ ಒಳಮೈಯಲ್ಲಿ ಸುರುಳಿ ಗೀರು ಇದ್ದರೆ ಗುಂಡು ತಿರುಗುತ್ತಾ ಹೋಗಿ ದೂರದ ಗುರಿ ಮುಟ್ಟುತ್ತದೆ, ಅದು ರೈಫಲ್. ಗೀರಿಲ್ಲದ ನುಣುಪು ನಳಿಗೆಯದು ಮಸ್ಕೆಟ್ ಅಥವಾ ಕೋವಿ. ಭಾರತದಲ್ಲಿ ಆದ ಮಾರ್ಪಾಡುಗಳನ್ನು ಅರಿಯಲು ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನದು. ಅದರ ನಳಿಗೆ .577 ಅಂಗುಲದ್ದು, ಗೀರುಳ್ಳದ್ದು. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆ ಅದೇ ಆಕಾರದ, ಆದರೆ ಗೀರುಗಳನ್ನು ಕೊರೆದು ತೆಗೆದು .656 ಅಂಗುಲಕ್ಕೆ ಹಿಗ್ಗಿಸಿದ ನುಣುಪು ನಳಿಗೆಯ ಬಂದೂಕು ಕೊಡಲಾಯಿತು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಬ್ರಿಟಿಷ್ ಸೈನಿಕನ ಗುಂಡು ಮುಟ್ಟುವ ದೂರವನ್ನು ಸಿಪಾಯಿಯ ಗುಂಡು ಮುಟ್ಟುತ್ತಿರಲಿಲ್ಲ. ಅಲ್ಲಿಂದ ಮುಂದೆ ಬಹುಕಾಲ ಭಾರತೀಯ ಪಡೆಗಳು ಒಂದು ತಲೆಮಾರು ಹಿಂದಿನ ಆಯುಧ ಹಿಡಿದೇ ಇದ್ದವು. ಬ್ರಿಟಿಷ್ ಸೈನಿಕರು ಸ್ನೈಡರ್ ಬಿಟ್ಟು ಮಾರ್ಟಿನಿ-ಹೆನ್ರಿ ಹಿಡಿದಾಗ ಸ್ನೈಡರ್ ಇವರಿಗೆ ಬಂತು. ಅವರು ಮ್ಯಾಗಜೀನಿರುವ ಲೀ ಬಂದೂಕಿಗೆ ಹೋದಾಗ ಮಾರ್ಟಿನಿ ಇತ್ತ ಬಂತು. ಆ ಸ್ನೈಡರ್ ಕೂಡ ಮಾರ್ಪಾಡಿನ ಕೂಸು. ಲಕ್ಷಗಟ್ಟಲೆ ಎನ್‌ಫೀಲ್ಡ್‌ಗಳನ್ನು ಎಸೆಯುವುದು ದುಬಾರಿಯೆಂದು, 1866ರಿಂದ ನಳಿಗೆಯ ಬುಡ ಕತ್ತರಿಸಿ ಪಕ್ಕಕ್ಕೆ ತೆರೆಯುವ ಮುಚ್ಚಳ ಕೂರಿಸಿ, ಹಿಂದಿನಿಂದ ತೋಟಾ ತುಂಬುವಂತೆ ಮಾಡಲಾಯಿತು.

ಲೀ-ಎನ್‌ಫೀಲ್ಡ್‌ನ ಬೋಲ್ಟ್ ಮತ್ತು ಮ್ಯಾಗಜೀನನ್ನು ರೂಪಿಸಿದವನು ಜೇಮ್ಸ್ ಪ್ಯಾರಿಸ್ ಲೀ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದವನು. 1888ರ ಲೀ-ಮೆಟ್‌ಫರ್ಡ್, 1895ರ ಲೀ-ಎನ್‌ಫೀಲ್ಡ್ ಆದಮೇಲೆ, ಕಾಲಾಳಿಗೂ ಸವಾರನಿಗೂ ಒಂದೇ ಆಗುವಂತೆ ನಳಿಗೆಯನ್ನು 25.2 ಅಂಗುಲಕ್ಕೆ ಮೊಟಕುಗೊಳಿಸಿದ ‘ಶಾರ್ಟ್’ ರೂಪ ಬಂತು. ಅದರ ಮಾರ್ಕ್ 3 ಜಾರಿಗೆ ಬಂದದ್ದು 1907ರಲ್ಲಿ. ಹತ್ತು ತೋಟಾಗಳ ಮ್ಯಾಗಜೀನು, ಸುಮಾರು ನಾಲ್ಕು ಕಿಲೋ ತೂಕ, ಮೂತಿಯವರೆಗೂ ಮುಚ್ಚಿದ ಮರ, ಹಂದಿಯ ಮೂತಿಯಂಥ ಚಪ್ಪಟೆ ತುದಿ ಇವು ಅದರ ಚಹರೆ. ಮೊದಲ ಮಹಾಯುದ್ಧದ ಗಡಿಬಿಡಿಯಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟು ತಯಾರಿಸಿದ್ದು ಮಾರ್ಕ್ 3 ನಕ್ಷತ್ರ (III*). ಬಂಗಾಳದಲ್ಲಿ ಹೂಗ್ಲಿ ದಡದ ಇಶಾಪುರದಲ್ಲಿ ಮೊದಲು ಮದ್ದಿನ ಕಾರ್ಖಾನೆಯಿತ್ತು; ಅದೇ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎದ್ದ ರೈಫಲ್ ಕಾರ್ಖಾನೆ ಈ ಬಂದೂಕನ್ನು ಸ್ವಾತಂತ್ರ್ಯದ ನಂತರವೂ ತಯಾರಿಸಿತು.

ಪೊಲೀಸರ .410 ಮಸ್ಕೆಟ್

ಮಾರ್ಪಾಡಾದ ಲೀ-ಎನ್‌ಫೀಲ್ಡ್‌ಗಳಲ್ಲಿ ತೀರ ಭಾರತದ್ದೇ ಆದದ್ದು .410 ಮಸ್ಕೆಟ್. ಪೊಲೀಸರಿಗೂ ಜೈಲು ಕಾವಲಿನವರಿಗೂ ಬಂದೂಕು ಬೇಕಿತ್ತು. ಆದರೆ ಅದು ಕೈತಪ್ಪಿ ಬಂಡಾಯಗಾರರಿಗೆ ಸಿಕ್ಕರೆ ಉಪಯೋಗಕ್ಕೆ ಬರಬಾರದಿತ್ತು. ಇದಕ್ಕೆ ಇಶಾಪುರದಲ್ಲಿ ಕಂಡುಕೊಂಡ ಉಪಾಯ ಮೂರು ಮಡಿಕೆಯದು. ಸವೆದ .303 ರೈಫಲಿನ ನಳಿಗೆಯ ಗೀರುಗಳನ್ನು ಕೊರೆದು ತೆಗೆದು .410 ಅಂಗುಲದ, ಅಂದರೆ ಸುಮಾರು 10.4 ಮಿಲಿಮೀಟರ್‌ನ ನುಣುಪು ಕೊಳವೆ ಮಾಡಿದರು. ಮ್ಯಾಗಜೀನಿನ ಬಾಯಿಗೆ ಮರದ ತುಂಡು ಜಡಿದರು. ಒಂದು ಈಡು ಹೊಡೆದ ಮೇಲೆ ಮತ್ತೊಂದು ತೋಟಾವನ್ನು ಕೈಯಿಂದಲೇ ಇಡಬೇಕು. ಮೂರನೆಯದು ಎಲ್ಲಕ್ಕಿಂತ ಜಾಣತನದ್ದು. .303 ತೋಟಾದ ಹಿತ್ತಾಳೆ ಕವಚಕ್ಕೆ ಸೀಸೆಯ ಕತ್ತಿನಂಥ ಇಳಿಜಾರು ಇರುತ್ತದೆ. ಆ ಕತ್ತನ್ನು ಮಾಡದೆ ಕವಚವನ್ನು ನೆಟ್ಟಗೆ ಬಿಟ್ಟು ಮಸ್ಕೆಟಿಗೆಂದೇ ಬೇರೆ ತೋಟಾ ತಯಾರಿಸಿದರು. ಅದರಲ್ಲಿ ಒಂಟಿ ಗುಂಡಿನದೂ ಇತ್ತು, ಚರೆ ತುಂಬಿದ್ದೂ ಇತ್ತು. ಪೇಟೆಯಲ್ಲಿ ಸಿಗುವ .410 ಶಿಕಾರಿ ತೋಟಾ ಈ ಗೂಡಿಗೆ ಸರಿಯಾಗಿ ಕೂರುವುದಿಲ್ಲ. ಕದ್ದವನಿಗೆ ಬಂದೂಕು ಸಿಕ್ಕೀತು, ತೋಟಾ ಸಿಗದು.

1858ರಲ್ಲಿ ಸಿಪಾಯಿಯ ಎನ್‌ಫೀಲ್ಡ್‌ಗೆ ಮಾಡಿದ್ದನ್ನೇ ಮುಂದಿನ ಶತಮಾನದಲ್ಲಿ ಕಾನ್‌ಸ್ಟೇಬಲನ ಲೀ-ಎನ್‌ಫೀಲ್ಡ್‌ಗೂ ಮಾಡಲಾಯಿತೆಂಬುದನ್ನು ಗಮನಿಸಬೇಕು. ಆಕಾರ ರೈಫಲಿನದು, ಗತ್ತು ರೈಫಲಿನದು, ಬಲ ಮಾತ್ರ ಗದ್ದೆ ಕಾಯುವ ಕೋವಿಯದು. ಗುಂಪಿನ ಎದುರು ನಿಂತ ಪೊಲೀಸನ ಕೈಯಲ್ಲಿ ಇರುವುದು ಮಸ್ಕೆಟೋ ರೈಫಲೋ ಎಂದು ಇಪ್ಪತ್ತು ಮಾರು ದೂರದಿಂದ ಹೇಳುವುದು ಕಷ್ಟ. ಸ್ವಾತಂತ್ರ್ಯ ಬಂದ ಮೇಲೆಯೂ ಪೊಲೀಸ್ ಭಾಷೆಯಲ್ಲಿ ‘ಮಸ್ಕೆಟ್’ ಎಂಬ ಪದ ಉಳಿದುಕೊಂಡಿತು.

ಇಂಥ ಒಂದು ಮಸ್ಕೆಟನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ಅದರ ಎರಡು ಜನ್ಮಗಳೂ ಕಾಣುತ್ತವೆ. ಬೋಲ್ಟಿನ ಹಿಡಿ ಕೆಳಗೆ ಬಾಗುವ ಜಾಗದಲ್ಲಿ, ಬಟ್ಟಿನ ಮರ ಬಂದು ಸೇರುವ ಉಕ್ಕಿನ ಕೊರಳಿದೆ. ಅದೇ ಬಟ್ ಸಾಕೆಟ್. ಅದರ ಬಲಗಡೆ ಮೇಲಿಂದ ಕೆಳಕ್ಕೆ ಕಿರೀಟ, ಅದರಡಿ ‘ಜಿ.ಆರ್.ಐ.’ (ಜಾರ್ಜ್, ದೊರೆ ಮತ್ತು ಚಕ್ರವರ್ತಿ), ‘ಇಶಾಪುರ’ ಎಂಬ ಹೆಸರು, ಇಸವಿ, ಕೊನೆಗೆ ‘ಎಸ್‌ಎಚ್‌ಟಿ. ಎಲ್.ಇ.’ ಎಂಬ ಅಕ್ಷರಗಳೂ ಮಾರ್ಕಿನ ಸಂಖ್ಯೆಯೂ ಇರುತ್ತವೆ. ಇವು ಮೊದಲ ಜನ್ಮದ ಗುರುತುಗಳು. ಅಲ್ಲಿಂದ ಬೆರಳು ಮುಂದೆ ಸರಿಸಿ ಬೋಲ್ಟ್ ಹಿಂದಕ್ಕೆಳೆದರೆ, ತೋಟಾಗಳ ಸಾಲು ಇರಬೇಕಾದ ಕುಳಿಯಲ್ಲಿ ಎಣ್ಣೆ ಕುಡಿದು ಕಪ್ಪಾದ ಮರದ ತುಂಡು. ಉಕ್ಕಿನ ಮೇಲೆ ‘.410’ ಎಂಬ ಅಂಕಿ ಬೇರೆ ಅಚ್ಚಿನಲ್ಲಿ ಒತ್ತಿದ್ದು. ನಳಿಗೆಯ ಬಾಯಿಯಿಂದ ಇಣುಕಿದರೆ ಗೀರಿನ ಸುಳಿವಿಲ್ಲದ ಕನ್ನಡಿಯಂಥ ಕೊಳವೆ, ಮೂತಿಯ ಬಳಿ ನಳಿಗೆಯ ಗೋಡೆ ತೆಳ್ಳಗೆ. ಎನ್‌ಫೀಲ್ಡ್‌ನ ಕೊರೆಯದ ನಳಿಗೆಯಾದರೆ ಅಲ್ಲಿ ಎಡಕ್ಕೆ ಸುತ್ತುವ ಗೀರುಗಳು ಕಾಣಬೇಕಿತ್ತು. ಹೆಚ್ಚಿನವುಗಳಲ್ಲಿ ಅವು ಐದು.

ಈ ಮಸ್ಕೆಟ್‌ಗಳ ಕಥೆ ಭಾರತದಲ್ಲಿ ಮುಗಿಯಲಿಲ್ಲ. ಸೇವೆಯಿಂದ ತೆಗೆದ ಎಷ್ಟೋ ಮಸ್ಕೆಟ್‌ಗಳು ಅಮೆರಿಕದ ಸರ್‌ಪ್ಲಸ್ ಪೇಟೆ ಸೇರಿದವು. ಅಲ್ಲಿ ಕೆಲವಕ್ಕೆ ತೋಟಾ ಗೂಡನ್ನು ಮತ್ತೆ ಕೊರೆದು ಸಾಮಾನ್ಯ .410 ಶಿಕಾರಿ ತೋಟಾ ಕೂರುವಂತೆ ಮಾಡಿದರು. ಇಶಾಪುರ ಬಿಗಿದ ಬೀಗವನ್ನು ಹೀಗೆ ತೆರೆದದ್ದು ಮೂರನೆಯ ಜನ್ಮ.

ಇತರ ಮಾರ್ಪಾಡುಗಳು

ಮೊದಲ ನೋಟಕ್ಕೆ ಬೆದರಿಸುವಂಥದ್ದು ಗ್ರೆನೇಡ್ ಬಂದೂಕು. ಮೂತಿಗೆ ಬಟ್ಟಲು ಸಿಕ್ಕಿಸಿ ಮಿಲ್ಸ್ ಬಾಂಬು ಹಾರಿಸುವಾಗ ನಳಿಗೆ ಸೀಳಿದರೂ ಚೂರುಗಳು ಸಿಡಿಯದಿರಲೆಂದು ಮುಂಗಡೆಯ ಮರಕ್ಕೆ ತಂತಿ ಸುತ್ತಿ ಬೆಸುಗೆ ಹಾಕುತ್ತಿದ್ದರು. ಸವೆದ ನಳಿಗೆಯ ರೈಫಲ್‌ಗಳನ್ನೇ ಇದಕ್ಕೆ ಆರಿಸುತ್ತಿದ್ದುದರಿಂದ ತಂತಿ ಸುತ್ತಿದ ಬಂದೂಕಿನಲ್ಲಿ ಒಳ್ಳೆಯ ನಳಿಗೆ ಸಿಗುವುದು ಅಪರೂಪ. ಅಂಗಡಿಯವರು ಇದನ್ನು ‘ಒಡೆದದ್ದಕ್ಕೆ ಕಟ್ಟಿದ ಕಟ್ಟು’ ಎಂದುಕೊಂಡು ಬಿಚ್ಚಿಬಿಟ್ಟ ಉದಾಹರಣೆಗಳೂ ಇವೆ. ಬಿಚ್ಚಿದರೆ ಚರಿತ್ರೆಯೂ ಬಿಚ್ಚಿತು.

ಕವಾಯತಿನ ಬಂದೂಕಿಗೆ ‘ಡಿ.ಪಿ.’ ಮುದ್ರೆ ಇರುತ್ತದೆ. ತೋಟಾ ಗೂಡಿಗೆ ಅಡ್ಡಲಾಗಿ ತೂತು ಕೊರೆದು, ಹೊಡೆಯುವ ಸೂಜಿಯ ತುದಿ ಕತ್ತರಿಸಿ ಅದನ್ನು ಹಾರದಂತೆ ಮಾಡಿರುತ್ತಾರೆ. 1948ರಲ್ಲಿ ಶುರುವಾದ ಎನ್‌ಸಿಸಿಯ ತಲೆಮಾರುಗಳ ಕೆಡೆಟ್‌ಗಳಿಗೆ ‘ಸಲಾಮಿ ಶಸ್ತ್ರ’ದಲ್ಲಿ ಬೆವರಿಳಿಸಿದ ನಾಲ್ಕು ಕಿಲೋ ಭಾರ ಇದೇ. ಗುರಿ ಅಭ್ಯಾಸಕ್ಕೆ .22ರ ಸಣ್ಣ ನಳಿಗೆ ಕೂರಿಸಿದ ಲೀ-ಎನ್‌ಫೀಲ್ಡ್ ಇನ್ನೊಂದು ಬಗೆ. ಹೊರ ಆಕಾರ ಹಾಗೇ ಇದ್ದು, ಸಿಡಿತ ಮಾತ್ರ ಪಟಾಕಿಯಷ್ಟು.

ಮಾರ್ಪಾಡು ಎಂದು ತಪ್ಪಾಗಿ ತಿಳಿಯುವುದು 7.62 ಮಿ.ಮೀ.ನ 2ಎ ಮತ್ತು 2ಎ1 ಬಂದೂಕುಗಳನ್ನು. 1962ರ ಚೀನಾ ಯುದ್ಧದ ನಂತರ ಇಶಾಪುರದಲ್ಲಿ ತಯಾರಾದ ಇವು ಕೊರೆದ .303 ಅಲ್ಲ, ಹೆಚ್ಚಿನ ಒತ್ತಡ ತಡೆಯುವ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದವು. ಹನ್ನೆರಡು ತೋಟಾಗಳ ಚೌಕಾಕಾರದ ಮ್ಯಾಗಜೀನು ಕಂಡರೆ ಬೇರೆ ಗುರುತೇ ಬೇಡ.

ನಾಗರಿಕರ ಕಡೆಯ ಕಥೆ ತಿರುವುಮುರುವು. ಸೇನೆಯ ತೋಟಾ ಹಾರಿಸುವ ಬಂದೂಕು ಜನರ ಕೈಯಲ್ಲಿ ಇರಬಾರದೆಂಬ ಬ್ರಿಟಿಷರ ನಿಲುವಿನಿಂದ .303 ಮತ್ತು .450 ಬೋರುಗಳಿಗೆ ಭಾರತದಲ್ಲಿ ತಡೆ ಬಿತ್ತು; ಶಿಕಾರಿ ದೊರೆಗಳಿಗಾಗಿ ಲಂಡನ್ನಿನ ಕಂಪನಿಗಳು .465, .470ರಂಥ ಹೊಸ ಬೋರುಗಳನ್ನೇ ಹುಟ್ಟಿಸಿದವು. ಇಂದಿಗೂ .303 ನಿಷೇಧಿತ ಬೋರು. ಇಶಾಪುರ ಕಾರ್ಖಾನೆ ಜನರಿಗೆಂದು ಮಾರಿದ .315 ಸ್ಪೋರ್ಟಿಂಗ್ ರೈಫಲಿನ ಬೋಲ್ಟನ್ನು ಎಳೆದು ನೋಡಿದರೆ ಅದು ಲೀ-ಎನ್‌ಫೀಲ್ಡೇ; ಬೋರು ಮಾತ್ರ ಸೇನೆಯದಲ್ಲ. ಕಾನೂನಿನ ಒಂದು ಗೆರೆ ಬಂದೂಕಿನ ನಳಿಗೆಯನ್ನು .012 ಅಂಗುಲ ಹಿಗ್ಗಿಸಿತು.

ಮನೆಯಲ್ಲೋ ಕುಲುಮೆಯಲ್ಲೋ ಮರ ಕತ್ತರಿಸಿ, ಮೂತಿಯ ಕಬ್ಬಿಣ ಬಿಚ್ಚಿ, ನಳಿಗೆ ಮೊಟಕು ಮಾಡಿ ಹಗುರಾದ ಶಿಕಾರಿ ಬಂದೂಕು ಮಾಡಿಕೊಳ್ಳುವುದು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಯುದ್ಧಾನಂತರ ಬಲು ಸಾಮಾನ್ಯವಾಗಿತ್ತು. ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ.

ಗುರುತಿಸುವ ಕ್ರಮ

ಬಂದೂಕು ಖಾಲಿಯಿದೆಯೇ ಎಂದು ಮೊದಲು ಅದರ ಪರವಾನಗಿದಾರನೋ ಪರಿಣತನೋ ಬೋಲ್ಟ್ ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಮುದ್ರೆಗಳನ್ನು ಓದುವ ಸರದಿ. ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ಅಡಚಣೆಯಿದೆ: ಆಯುಧಪೂಜೆ. ವರ್ಷ ವರ್ಷವೂ ಹಚ್ಚಿದ ಅರಿಸಿನ ಕುಂಕುಮ ಎಣ್ಣೆಯೊಡನೆ ಬೆರೆತು ಮುದ್ರೆಯ ಕುಳಿಗಳಲ್ಲಿ ಗಟ್ಟಿಕಟ್ಟಿರುತ್ತದೆ. ಮೆತ್ತನೆಯ ಬ್ರಷ್ಷು, ಸ್ವಲ್ಪ ಎಣ್ಣೆ, ಸಾಕಷ್ಟು ತಾಳ್ಮೆ ಇದಕ್ಕೆ ಸಾಕು. ಉಪ್ಪುಕಾಗದ ಮುಟ್ಟಿಸಿದರೆ ಕುಂಕುಮದ ಜೊತೆ ಕಿರೀಟವೂ ಹೋಗುತ್ತದೆ.

ಕಾರ್ಖಾನೆಯ ಹೆಸರು ಎನ್‌ಫೀಲ್ಡ್, ಬಿಎಸ್‌ಎ, ಎಲ್‌ಎಸ್‌ಎ, ಆಸ್ಟ್ರೇಲಿಯಾದ ಲಿತ್‌ಗೋ ಅಥವಾ ಇಶಾಪುರ ಆಗಿರಬಹುದು. ಕಿರೀಟದ ಬದಲು ಅಶೋಕ ಸ್ತಂಭದ ಸಿಂಹಗಳೂ ‘ಆರ್.ಎಫ್.ಐ.’ ಎಂಬ ಅಕ್ಷರಗಳೂ ಇದ್ದರೆ ಅದು ಸ್ವತಂತ್ರ ಭಾರತದ ಬಂದೂಕು. ಅಗಲವಾದ ಬಾಣದ ಗುರುತು ಸರ್ಕಾರದ ಸ್ವತ್ತೆಂಬುದಕ್ಕೆ. ಬಾಣದ ಕೆಳಗೆ ‘ಐ’ ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದರೆ ಸೇನೆಯಿಂದ ಮಾರಿ ಹೊರಹಾಕಿದ್ದು. ‘ಎಫ್.ಆರ್.’ ಅಥವಾ ‘ಎಫ್.ಟಿ.ಆರ್.’ ಮತ್ತು ಪಕ್ಕದ ಇಸವಿ ಕಾರ್ಖಾನೆಯಲ್ಲಿ ಪೂರ್ತಿ ದುರಸ್ತಿಯಾದ ವರ್ಷ. ಮ್ಯಾಗಜೀನಿನ ಮುಂದೆ ಮರವನ್ನು ಅಡ್ಡಲಾಗಿ ಬಿಗಿಯುವ ತಿರುಪಿದ್ದರೆ ಸಂಗ್ರಹಕಾರರು ಅದನ್ನು ‘ಇಶಾಪುರ ತಿರುಪು’ ಎನ್ನುತ್ತಾರೆ.

ಇನ್ನು ಸಂಖ್ಯೆಗಳು. ಬಂದೂಕಿನ ಕ್ರಮಸಂಖ್ಯೆ ರಿಸೀವರ್, ನಳಿಗೆ, ಬೋಲ್ಟಿನ ಹಿಡಿಯ ಹಿಂಬದಿ, ಮೂತಿಯ ಕಬ್ಬಿಣ, ಹಿಂದಿನ ಸೈಟಿನ ಎಲೆ, ಮುಂಗಡೆಯ ಮರ ಹೀಗೆ ಹಲವೆಡೆ ಇರುತ್ತದೆ. ಎಲ್ಲವೂ ಒಂದೇ ಆದರೆ ಬಂದೂಕು ಒಡೆಯದೆ ಉಳಿದಿದೆ ಎಂದರ್ಥ. ಬೋಲ್ಟಿನ ಸಂಖ್ಯೆ ಬೇರೆಯಾಗಿದ್ದರೆ ಬೇರೊಂದರಿಂದ ತಂದು ಸೇರಿಸಿದ್ದು. ಆ ಬಂದೂಕನ್ನು ಪರಿಣತರು ಅಳೆದು ನೋಡದೆ ಹಾರಿಸುವುದು ಅಪಾಯ. ಹಳೆಯ ಸಂಖ್ಯೆಗೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಒತ್ತಿದ್ದರೆ ಅದು ಸರ್ಕಾರಿ ಕಾರ್ಖಾನೆಯ ಶಿಸ್ತು. ಉಜ್ಜಿ ಅಳಿಸಿದ್ದರೆ ಕಳ್ಳನ ಕೆಲಸ.

ವಾಯವ್ಯ ಗಡಿಯ ದರ್ರಾ ಆದಂ ಖೇಲ್‌ನ ಕಮ್ಮಾರರು ಲೀ-ಎನ್‌ಫೀಲ್ಡನ್ನು ಮುದ್ರೆಗಳ ಸಮೇತ ನಕಲು ಮಾಡುವುದರಲ್ಲಿ ಹೆಸರಾದವರು. ಕೈಕೆಲಸ ಕೆಲವೊಮ್ಮೆ ಬೆರಗುಗೊಳಿಸುತ್ತದೆ, ಆದರೆ ಓದು ಬಾರದವರು ಅಕ್ಷರ ಕೆತ್ತಿದ ಸುಳಿವು ಉಳಿಯುತ್ತದೆ: ಇಂಗ್ಲಿಷಿನ ಎನ್ ಅಕ್ಷರ ತಿರುಗುಮುರುಗು, ಎನ್‌ಫೀಲ್ಡ್‌ನ ಕಾಗುಣಿತ ತಪ್ಪು, 1901ರಲ್ಲೇ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯ ಕೆಳಗೆ ಮೊದಲ ಮಹಾಯುದ್ಧದ ಇಸವಿ.

ಬೆಲೆ ಕಟ್ಟುವ ಬಗೆ

ಮಾರ್ಪಾಡನ್ನು ಯಾರು, ಯಾವಾಗ, ಏಕೆ ಮಾಡಿದರು ಎಂಬುದರ ಮೇಲೆ ಬಂದೂಕಿನ ಮೌಲ್ಯ ನಿಂತಿರುತ್ತದೆ. ಕಾರ್ಖಾನೆಯ ಮಾರ್ಪಾಡಿಗೆ ಮುದ್ರೆಯ ಸಾಕ್ಷ್ಯ ಇರುತ್ತದೆ. ಅದನ್ನು ಅಳಿಸಿ ‘ಮೂಲರೂಪ’ಕ್ಕೆ ತರುವುದು ಚರಿತ್ರೆಯ ಪುಟ ಹರಿದಂತೆ. .410 ಮಸ್ಕೆಟಿನ ಮರದ ತುಂಡು ತೆಗೆದು ಹತ್ತು ತೋಟಾಗಳ ಮ್ಯಾಗಜೀನು ಕೂರಿಸಿದರೆ ಉಳಿಯುವುದು ಇತ್ತ ರೈಫಲೂ ಅಲ್ಲದ, ಅತ್ತ ಮಸ್ಕೆಟೂ ಅಲ್ಲದ ವಸ್ತು. ಕುಲುಮೆಯಲ್ಲಿ ಮೊಟಕಾದ ಬಂದೂಕಿಗೆ ಸಂಗ್ರಹದ ಬೆಲೆ ಕಡಿಮೆ. ಮನೆತನದ ನೆನಪಿನ ಬೆಲೆ ಬೇರೆಯೇ ಲೆಕ್ಕ.

ಆ ನೆನಪನ್ನು ಬದುಕಿನೊಳಗೇ ಇಟ್ಟುಕೊಂಡ ನಾಡು ಕೊಡಗು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ವಂಶಪಾರಂಪರ್ಯ ಹಕ್ಕಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಅಲ್ಲಿ ಇನ್ನೂ ನಡೆಯುತ್ತದೆ.

ಬಯಲುಸೀಮೆಯಲ್ಲಿ ಆ ವಿನಾಯಿತಿ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನವಿದೆ. ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿಯೇ ಇಲ್ಲಿ ಪರವಾನಗಿ ಕೊಡುವವರು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವುದೂ ಮಾಮೂಲು. ಅಟ್ಟದ ಮೇಲೆ ಅಜ್ಜನ ಬಂದೂಕು ಸಿಕ್ಕಾಗ ‘ನೂರು ವರ್ಷದ್ದು, ಪುರಾತನ ವಸ್ತು, ಪರವಾನಗಿ ಬೇಡ’ ಎಂಬ ನಂಬಿಕೆ ವ್ಯಾಪಕ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷದ ಗೆರೆ ಇರುವುದು ನಿಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಬಿಟ್ಟುಕೊಡುವುದು ದುರಸ್ತಿ ಮಾಡಿದರೂ ಹಾರದಂಥ ಹಳೆಯ ಆಯುಧವನ್ನು ಮಾತ್ರ. 1917ರ ಲೀ-ಎನ್‌ಫೀಲ್ಡ್ ಎಣ್ಣೆ ಹಚ್ಚಿದರೆ ಇಂದೂ ಹಾರುತ್ತದೆ. ಪರವಾನಗಿದಾರ ತೀರಿಕೊಂಡರೆ ವಾರಸುದಾರರು ಬಂದೂಕನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಗುರುತಿನ ಸಂಖ್ಯೆ ಅಳಿಸಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದೆಂದು, ಬೇರೆಯದು ಸಾಬೀತಾಗುವವರೆಗೆ, 8ನೆಯ ಕಲಮು ಊಹಿಸುತ್ತದೆ. ಮುದ್ರೆಗಳನ್ನು ಉಜ್ಜಬಾರದು ಎನ್ನಲು ಸಂಗ್ರಹಕಾರನ ಕಾರಣದ ಜೊತೆ ಈ ಕಾರಣವೂ ಇದೆ.

ಕಾಪಾಡುವುದು

ಹಳೆಯ .303 ತೋಟಾದ ಕೇಪಿನಿಂದ ನಳಿಗೆಯಲ್ಲಿ ಉಪ್ಪಿನಂಥ ಕಸರು ಉಳಿಯುತ್ತಿತ್ತು. ಗಾಳಿಯ ತೇವ ಹೀರಿ ಅದು ಉಕ್ಕನ್ನು ತಿನ್ನುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲವಾದ್ದರಿಂದ ಸೈನಿಕರು ಗುಂಡು ಹಾರಿಸಿದ ದಿನವೇ ನಳಿಗೆಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಇದನ್ನು ಮರೆತವನ ಬಂದೂಕಿನ ನಳಿಗೆಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು ಇಂದಿಗೂ ಕಾಣುತ್ತವೆ. ಬಟ್ಟಿನ ಹಿತ್ತಾಳೆ ತಗಡಿನಲ್ಲಿ ಪುಟ್ಟ ಬಾಗಿಲಿದ್ದು, ಒಳಗೆ ಎಣ್ಣೆಯ ಸೀಸೆಯೂ ತುದಿಗೆ ತೂಕ ಕಟ್ಟಿದ ಹಗ್ಗವೂ ಇರುತ್ತಿದ್ದವು. ಕವಾಯತಿನವರು ಆ ಹಗ್ಗಕ್ಕೆ ‘ಪುಲ್‌ಥ್ರೂ’ ಎಂದೂ ಅದಕ್ಕೆ ಸಿಕ್ಕಿಸಿ ಎಳೆಯುವ ಬಟ್ಟೆಗೆ ‘ಚಿಂದಿ’ ಎಂದೂ ಹೇಳುತ್ತಾರೆ. ಸೀಸೆ, ಹಗ್ಗ ಎರಡೂ ಒಳಗೇ ಉಳಿದಿದ್ದರೆ ಬಂದೂಕಿನೊಡನೆ ಅವನ್ನೂ ದಾಖಲಿಸಬೇಕು. ಮರಕ್ಕೆ ವಾರ್ನಿಷ್ ಬಳಿಯಬಾರದು. ಸೇನೆಯಲ್ಲಿ ಬಳಸುತ್ತಿದ್ದುದು ಅಗಸೆ ಎಣ್ಣೆ. ಅದನ್ನು ಅಂಗೈಯಿಂದ ತೆಳ್ಳಗೆ ತಿಕ್ಕಿ, ಒಂದು ರಾತ್ರಿ ಬಿಟ್ಟು, ಮಿಕ್ಕಿದ್ದನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.